ಬ್ರಷ್ ಕಂಡರೆ ಓಡುವ ಮಗು: ವಿಶೇಷ ಅಗತ್ಯದ ಮಕ್ಕಳ ಹಲ್ಲಿನ ಬಗ್ಗೆ ಓದುಗರ ಪ್ರಶ್ನೆಗಳು

ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಫಿಟ್ಸ್ ಇರುವ ಮಕ್ಕಳ ಮನೆಯವರೂ ಶಿಕ್ಷಕರೂ ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಉತ್ತರಿಸಿದವರು ಮಕ್ಕಳ ದಂತವೈದ್ಯರು. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರ: ನಮ್ಮ ಮಗನಿಗೆ ಆರು ವರ್ಷ, ಆಟಿಸಂ ಇದೆ. ಬ್ರಷ್ ಕಂಡರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಇಬ್ಬರು ಹಿಡಿದುಕೊಂಡು ಉಜ್ಜಬೇಕು. ದಿನಾ ಬೆಳಗ್ಗೆ ಅಳು, ರಂಪ. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತವೆ, ಆಮೇಲೆ ನೋಡಿಕೊಂಡರಾಯಿತು ಎನ್ನುತ್ತಾರೆ ನಮ್ಮತ್ತೆ. – ತಾಯಿ, ತುಮಕೂರು

ಉ: ಅತ್ತೆಯವರ ಮಾತಿಗೆ ಮೊದಲು ಉತ್ತರ. ಮುಂದಿನ ಹಾಲುಹಲ್ಲುಗಳೇನೋ ಆರೇಳು ವರ್ಷಕ್ಕೆ ಬೀಳುತ್ತವೆ. ಆದರೆ ಹಾಲಿನ ದವಡೆಹಲ್ಲುಗಳು 10–12 ವರ್ಷದವರೆಗೂ ಬಾಯಲ್ಲಿರುತ್ತವೆ. ಅವುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸುಮಾರು ಆರನೇ ವರ್ಷಕ್ಕೇ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಹಾಲುಹಲ್ಲು ಬೀಳದೇ ಬರುವುದರಿಂದ ಮನೆಯವರ ಗಮನಕ್ಕೆ ಬರುವುದೇ ಇಲ್ಲ. ನಿಮ್ಮ ಮಗನ ಬಾಯಲ್ಲಿ ಅದು ಈಗಾಗಲೇ ಬಂದಿರಬಹುದು. ಹಾಗಾಗಿ ‘ಆಮೇಲೆ’ ಅನ್ನುವ ಕಾಲ ಇದೇ.

ಅವನು ಹಟಕ್ಕೆ ಓಡುತ್ತಿಲ್ಲ. ಯಾವುದೋ ಒಂದು ಅವನಿಗೆ ತಡೆಯಲಾಗುತ್ತಿಲ್ಲ, ಅದನ್ನು ಹುಡುಕಬೇಕು. ಪುದೀನ ರುಚಿ ಕೆಲವು ಮಕ್ಕಳಿಗೆ ಮೆಣಸಿನಕಾಯಿಯಂತೆ ಉರಿಯುತ್ತದೆ. ನೊರೆ ಬಾಯಿ ತುಂಬಿದರೆ ಕೆಲವರಿಗೆ ಓಕರಿಕೆ ಬರುತ್ತದೆ. ಬ್ರಷ್ಷಿನ ಎಳೆಗಳು ಒಸಡಿಗೆ ತಾಗುವುದೇ ಕೆಲವರಿಗೆ ಆಗದು. ಇನ್ನು ಕೆಲವರಿಗೆ ಇದೆಲ್ಲ ಯಾವಾಗ ಮುಗಿಯುತ್ತದೆ ಎಂದು ಗೊತ್ತಿಲ್ಲದ ಭಯ. ಪತ್ತೆ ಮಾಡುವುದು ಸುಲಭ: ಎರಡು ದಿನ ಪೇಸ್ಟ್ ಇಲ್ಲದೆ, ನೀರಿನಲ್ಲಿ ಅದ್ದಿದ ಬ್ರಷ್ ಮಾತ್ರ ಬಳಸಿ. ಆಗ ಒಪ್ಪಿದರೆ ತೊಂದರೆ ಪೇಸ್ಟಿನದು. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ, ರುಚಿಯಿಲ್ಲದ ಅಥವಾ ಹಣ್ಣಿನ ರುಚಿಯ ಪೇಸ್ಟ್ ತನ್ನಿ. ಆಗಲೂ ಒಪ್ಪದಿದ್ದರೆ ಎಳೆ ಇನ್ನೂ ಮೆದುವಾದ, ತಲೆ ಚಿಕ್ಕದಾದ ಬ್ರಷ್ ನೋಡಿ.

ಆಮೇಲೆ ಮೊದಲಿನಿಂದ ಅಭ್ಯಾಸ ಮಾಡಿಸಿ. ಎರಡು ಮೂರು ದಿನ ಬ್ರಷ್ ಅವನ ಕೈಯಲ್ಲೇ ಇರಲಿ. ಮುಂದಿನ ದಿನಗಳಲ್ಲಿ ಕೆನ್ನೆಗೆ ಹೊರಗಿನಿಂದ, ನಂತರ ತುಟಿಗೆ, ನಂತರ ಮುಂದಿನ ಹಲ್ಲಿಗೆ ತಾಗಿಸಿ. ಹಲ್ಲಿಗೆ ಇಟ್ಟ ಮೇಲೆ ಐದರವರೆಗೆ ಜೋರಾಗಿ ಎಣಿಸಿ, ಐದು ಎಂದ ತಕ್ಷಣ ತೆಗೆದುಬಿಡಿ. ಇವತ್ತು ಸುಮ್ಮನಿದ್ದಾನಲ್ಲ, ಇನ್ನೆರಡು ಹಲ್ಲು ಉಜ್ಜಿಬಿಡೋಣ ಎಂದು ಮುಂದುವರಿಸುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಎಣಿಕೆ ಸುಳ್ಳಾದರೆ ಮರುದಿನ ಮಗು ಬಾಯಿ ತೆರೆಯುವುದಿಲ್ಲ. ಐದರಿಂದ ಹತ್ತು, ಹತ್ತರಿಂದ ಇಪ್ಪತ್ತಕ್ಕೆ ಹೋಗಲು ವಾರಗಳು ಹಿಡಿಯಬಹುದು, ಹಿಡಿಯಲಿ. ಬ್ರಷ್, ಮೇಲಿನ ಹಲ್ಲು, ಕೆಳಗಿನ ಹಲ್ಲು, ಉಗುಳುವುದು, ಆಟ – ಈ ಐದು ಫೋಟೊಗಳನ್ನು ಸಾಲಾಗಿ ಗೋಡೆಗೆ ಅಂಟಿಸಿ, ಒಂದೊಂದು ಮುಗಿದಂತೆ ತೋರಿಸಿ.

ಬಚ್ಚಲಲ್ಲೇ ಉಜ್ಜಬೇಕೆಂದಿಲ್ಲ. ನೀವು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು, ಅವನ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟು ಮಲಗಿಸಿಕೊಳ್ಳಿ. ಬಾಯಿ ಚೆನ್ನಾಗಿ ಕಾಣುತ್ತದೆ, ತಲೆ ಅಲುಗುವುದಿಲ್ಲ. ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ: ಮೇಲ್ತುಟಿಯನ್ನು ಎತ್ತಿ ನೋಡಿದರೆ ನಡುವೆ ದಾರದಂಥ ತೆಳು ಚರ್ಮ ಒಸಡಿಗೆ ಅಂಟಿಕೊಂಡಿರುತ್ತದೆ. ಬ್ರಷ್ ಅದಕ್ಕೆ ಬಡಿದರೆ ಪ್ರಾಣ ಹೋದಷ್ಟು ನೋವು. ಎಡಗೈ ತೋರುಬೆರಳನ್ನು ಅದರ ಮೇಲೆ ಅಡ್ಡ ಇಟ್ಟುಕೊಂಡು ಉಜ್ಜಿ. ಎಷ್ಟೋ ಮಕ್ಕಳ ಅಳು ಇಷ್ಟಕ್ಕೇ ನಿಲ್ಲುತ್ತದೆ.

ದಿನಕ್ಕೆ ಒಂದೇ ಸಲ ಸಾಧ್ಯ ಎಂದಾದರೆ ಆ ಒಂದು ಸಲ ರಾತ್ರಿಯದೇ ಆಗಿರಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ಹಲ್ಲನ್ನು ತೊಳೆಯುವುದು, ಆಮ್ಲವನ್ನು ಅಡಗಿಸುವುದು ಆ ಜೊಲ್ಲೇ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ, ಹಾಲೂ ಬೇಡ.

ಪ್ರ: ಮೊಮ್ಮಗಳಿಗೆ ಐದು ವರ್ಷ, ಬುದ್ಧಿ ಬೆಳವಣಿಗೆ ನಿಧಾನ. ಉಗುಳಲು ಬರುವುದಿಲ್ಲ, ಪೇಸ್ಟ್ ನುಂಗಿಬಿಡುತ್ತಾಳೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಇದೆ, ಪೇಸ್ಟಿನದೂ ಸೇರಿದರೆ ಹಲ್ಲು ಕಂದಾಗುವುದಿಲ್ಲವೇ? – ಅಜ್ಜಿ, ಕೋಲಾರ ಜಿಲ್ಲೆ

ಉ: ನಿಮ್ಮ ಆತಂಕ ಸರಿಯಾದದ್ದೇ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಇರುವ ಪೇಸ್ಟಿನ 1 ಗ್ರಾಂನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅಕ್ಕಿಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು 0.1 ಗ್ರಾಂ. ಅದನ್ನು ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿದರೆ ಹೋಗುವುದು 2 ಮಿಲಿಗ್ರಾಂ, ಇಪ್ಪತ್ತು ಪಟ್ಟು. ಹಲ್ಲು ಕಂದಾಗಿಸುವುದು ನೀರು. ಮೊದಲು ಅದನ್ನು ಬದಲಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಓ ನೀರನ್ನು ಕುಡಿಯಲಿಕ್ಕೂ ಅಡುಗೆಗೂ ಬಳಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5 ಎಂಬುದು ಭಾರತೀಯ ಮಾನಕದ ಕೊನೆಯ ಮಿತಿ.

ಪೇಸ್ಟ್ ಬಿಡಬೇಡಿ. ಸಾಮಾನ್ಯವಾಗಿ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು ಎಂದು ಹೇಳುತ್ತೇವೆ. ಉಗುಳಲು ಬಾರದ ಮಗುವಿಗೆ ವಯಸ್ಸು ಎಷ್ಟೇ ಇರಲಿ, ಅಕ್ಕಿಕಾಳಿನಷ್ಟೇ ಸಾಕು. ಅದನ್ನು ಎಳೆಗಳ ಒಳಕ್ಕೆ ಬೆರಳಿನಿಂದ ಒತ್ತಿಬಿಡಿ, ಆಗ ಮುದ್ದೆಯಾಗಿ ನಾಲಿಗೆಯ ಮೇಲೆ ಬೀಳುವುದಿಲ್ಲ. ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ನೊರೆ ಒರೆಸಿ ತೆಗೆಯಿರಿ. ಟ್ಯೂಬನ್ನು ಮಗುವಿನ ಕೈಗೆ ಸಿಗದಂತೆ ಎತ್ತಿಡಿ.

ಪ್ರ: ಮಗಳಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ, ವೀಲ್‌ಚೇರ್ ಮೇಲಿದ್ದಾಳೆ. ಬಾಯಿಗೆ ಬ್ರಷ್ ಇಟ್ಟ ಕೂಡಲೇ ಕಚ್ಚಿ ಹಿಡಿಯುತ್ತಾಳೆ. ಒಮ್ಮೆ ಬ್ರಷ್ ಮುರಿಯಿತು, ಒಮ್ಮೆ ನನ್ನ ಬೆರಳಿಗೇ ಗಾಯವಾಯಿತು. ಜೊಲ್ಲು ಬಹಳ. – ತಂದೆ, ಹುಬ್ಬಳ್ಳಿ

ಉ: ಅದು ಬೇಕೆಂದು ಕಚ್ಚುವುದಲ್ಲ. ಹಲ್ಲಿಗೋ ಒಸಡಿಗೋ ಏನಾದರೂ ತಾಗಿದರೆ ದವಡೆ ತಾನಾಗಿ ಬಿಗಿಯುತ್ತದೆ, ಸಡಿಲಿಸುವುದು ಅವಳ ಕೈಯಲ್ಲಿಲ್ಲ. ಎಳೆದಷ್ಟೂ ಬಿಗಿ ಹೆಚ್ಚುತ್ತದೆ. ಕಚ್ಚಿದಾಗ ಬ್ರಷ್ ಅಲ್ಲಾಡಿಸದೆ ಹಿಡಿದು, ಮೆಲ್ಲಗೆ ಮಾತಾಡಿಸುತ್ತ, ಕೆನ್ನೆಯ ಹೊರಗಿನಿಂದ ದವಡೆಯ ಸ್ನಾಯುವನ್ನು ನಿಧಾನವಾಗಿ ನೀವುತ್ತ ಕಾಯಿರಿ. ಅರ್ಧ ನಿಮಿಷದೊಳಗೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಬೆರಳನ್ನು ಹಲ್ಲುಗಳ ನಡುವೆ ಎಂದೂ ಇಡಬೇಡಿ. ಕಚ್ಚಿ ಹಿಡಿಯಲು ಬೇರೆ ಏನಾದರೂ ಕೊಡಿ. ಡಾಕ್ಟರು ನಾಲಿಗೆ ಒತ್ತಿ ನೋಡುವ ಚಪ್ಪಟೆ ಮರದ ಕಡ್ಡಿಗಳನ್ನು ಮೆಡಿಕಲ್ ಅಂಗಡಿಯಿಂದ ತನ್ನಿ. ಐದಾರನ್ನು ಒಟ್ಟಿಗೆ ಜೋಡಿಸಿ, ಒಂದು ತುದಿಗೆ ಗಾಜ್ ಬಟ್ಟೆಯನ್ನು ದಪ್ಪಗೆ ಸುತ್ತಿ, ಟೇಪಿನಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ಸುತ್ತಿದ ತುದಿಯನ್ನು ಬಾಯಿಯ ಮೂಲೆಯಿಂದ ಒಳಸೇರಿಸಿ ದವಡೆಹಲ್ಲುಗಳ ನಡುವೆ ಇಡಬೇಕು. ಮುಂದಿನ ಹಲ್ಲುಗಳ ನಡುವೆ ಇಟ್ಟರೆ ಹಲ್ಲು ಮುರಿಯುತ್ತದೆ. ಬಲಕ್ಕೆ ಕಚ್ಚಿಸಿ ಎಡಗಡೆ ಉಜ್ಜಿ, ಆಮೇಲೆ ಎಡಕ್ಕೆ ಕಚ್ಚಿಸಿ ಬಲಗಡೆ. ಪ್ರತಿದಿನ ಹೊಸದು ಮಾಡಿ, ಒದ್ದೆಯಾದ ಕಡ್ಡಿ ಸೀಳು ಬಿಡುತ್ತದೆ. ಹಲ್ಲು ಅಲ್ಲಾಡುತ್ತಿದ್ದರೆ ಆ ಕಡೆ ಇಡಬೇಡಿ.

ವೀಲ್‌ಚೇರಿನ ಹಿಂದೆ ನಿಂತು, ಅವಳ ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಳ್ಳಿ. ತಲೆ ಹಿಂದಕ್ಕೆ ವಾಲಬಾರದು, ಗದ್ದ ತುಸು ಕೆಳಗೇ ಇರಲಿ. ತಲೆ ಹಿಂದೆ ಹೋದರೆ ಮೈಯೆಲ್ಲ ಸೆಟೆಯುತ್ತದೆ, ನೊರೆ ಶ್ವಾಸನಾಳಕ್ಕೂ ಇಳಿಯಬಹುದು. ಮೊಣಕಾಲ ಕೆಳಗೆ ದಿಂಬಿಟ್ಟು ಕಾಲು ಮಡಚಿಸಿದರೆ ಬಿಗಿತ ಇಳಿಯುತ್ತದೆ. ನೀರು ಬಾಯಿಗೆ ಹಾಕಬೇಡಿ. ಬ್ರಷ್ ಒದ್ದೆ ಇದ್ದರೆ ಸಾಕು. ಅವಳೇ ಬ್ರಷ್ ಹಿಡಿಯಬಲ್ಲಳಾದರೆ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ಹಾಕಿಕೊಡಿ. ಒಂದು ಸುತ್ತು ಅವಳು ಉಜ್ಜಲಿ, ಆಮೇಲೆ ನೀವು.

ಜೊಲ್ಲಿನ ವಿಷಯ: ಹೊರಗೆ ಹರಿಯುತ್ತಿದೆ ಎಂದರೆ ಹೆಚ್ಚು ಉತ್ಪತ್ತಿಯಾಗುತ್ತಿದೆ ಎಂದಲ್ಲ, ನುಂಗುವುದು ಕಡಿಮೆ ಎಂದರ್ಥ. ಅದಕ್ಕೆ ಗ್ಲೈಕೊಪೈರೊಲೇಟ್, ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಿದ್ದರೆ ಬಾಯಿ ಒಣಗಿ ಹುಳುಕು ಬೇಗ ಹತ್ತುತ್ತದೆ. ದಂತವೈದ್ಯರಿಗೆ ಈ ಮಾತ್ರೆಗಳ ಹೆಸರು ಹೇಳಲೇಬೇಕು. ಇದೇ ಸಂಚಿಕೆಗೆ ಬೆಳಗಾವಿಯಿಂದ ಒಬ್ಬರು, ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವ ಮಗುವಿಗೆ ಉಜ್ಜುವುದು ಯಾಕೆ ಎಂದು ಕೇಳಿದ್ದಾರೆ. ಅಗಿಯದ ಬಾಯಲ್ಲಿ ಹಲ್ಲಿನ ಕಲ್ಲು ಇನ್ನೂ ಬೇಗ ಕಟ್ಟುತ್ತದೆ. ಅದರಲ್ಲಿನ ಸೂಕ್ಷ್ಮಾಣುಗಳು ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಆ ಮಗುವಿಗೆ ಎರಡು ಹೊತ್ತೂ ಉಜ್ಜಲೇಬೇಕು.

ಪ್ರ: ಫಿಟ್ಸ್‌ಗೆ ಎರಡು ವರ್ಷದಿಂದ ಫೆನಿಟಾಯಿನ್ ಕೊಡುತ್ತಿದ್ದೇವೆ. ಒಸಡು ಬೆಳೆದು ಮುಂದಿನ ಹಲ್ಲು ಅರ್ಧ ಮುಚ್ಚಿಹೋಗಿದೆ. ಮಾತ್ರೆ ನಿಲ್ಲಿಸಲೇ? – ತಾಯಿ, ಹಾಸನ

ಉ: ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು, ಅದು ಜೀವಕ್ಕೇ ಅಪಾಯ. ಒಸಡು ಬೆಳೆಯುವುದು ಈ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ. ಮೊದಲ ಕೆಲವು ತಿಂಗಳಲ್ಲೇ ಹಲ್ಲುಗಳ ನಡುವಿನ ಒಸಡು ಮಣಿಯಂತೆ ಉಬ್ಬಿ ಶುರುವಾಗುತ್ತದೆ. ಹಲ್ಲಿನ ಬುಡದಲ್ಲಿ ಕೊಳೆ ಇದ್ದಷ್ಟೂ ಬೆಳವಣಿಗೆ ಜೋರು. ಅದಕ್ಕೇ ಮೊದಲು ದಂತವೈದ್ಯರಲ್ಲಿ ಕಲ್ಲು ತೆಗೆಸಿ, ಒಸಡಿನ ಅಂಚಿಗೆ ಬ್ರಷ್ ಓರೆಯಾಗಿಟ್ಟು ಎರಡು ಹೊತ್ತು ಉಜ್ಜಿ. ರಕ್ತ ಬಂತೆಂದು ಆ ಜಾಗ ಬಿಡಬೇಡಿ, ಕೊಳೆ ಹೋದಂತೆ ರಕ್ತ ನಿಲ್ಲುತ್ತದೆ. ಜೊತೆಗೆ ನರರೋಗ ವೈದ್ಯರಿಗೆ ಬಾಯಿ ತೋರಿಸಿ, ಬೇರೆ ಔಷಧಕ್ಕೆ ಬದಲಾಯಿಸಬಹುದೇ ಎಂದು ಕೇಳಿ. ಆ ತೀರ್ಮಾನ ಅವರದು. ಬೆಳೆದ ಒಸಡನ್ನು ಕತ್ತರಿಸಿ ತೆಗೆಯಬಹುದು, ಆದರೆ ಅದೇ ಮಾತ್ರೆ, ಅದೇ ಕೊಳೆ ಮುಂದುವರಿದರೆ ಮತ್ತೆ ಬೆಳೆಯುತ್ತದೆ.

ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧ ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಮಕ್ಕಳಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾಗಬಹುದು. ಹಲ್ಲು ಕೀಳಿಸುವ ಮೊದಲು ರಕ್ತ ಪರೀಕ್ಷೆ ಬೇಕು. ಸಿರಪ್ ಆಗಿದ್ದರೆ ಸಕ್ಕರೆ ಇಲ್ಲದ್ದು ಇದೆಯೇ ಕೇಳಿ. ರಾತ್ರಿಯ ಸಿರಪ್ಪನ್ನು ಬ್ರಷ್ ಮಾಡುವ ಮುಂಚೆ ಕೊಡಿ, ನಂತರ ಅಲ್ಲ. ದಂತವೈದ್ಯರ ಬಳಿ ಹೋಗುವ ದಿನವೂ ಮಾತ್ರೆ ತಪ್ಪಿಸಬಾರದು.

ಪ್ರ: ಡೌನ್ ಸಿಂಡ್ರೋಮ್ ಇರುವ ಮಗನಿಗೆ ಎಂಟು ವರ್ಷ. ಮುಂದಿನ ಹಾಲುಹಲ್ಲು ಬಿದ್ದು ಒಂದು ವರ್ಷವಾದರೂ ಹೊಸದು ಬಂದಿಲ್ಲ. ಮೂರು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿದೆ. – ತಂದೆ, ಮೈಸೂರು

ಉ: ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹಲ್ಲು ಒಂದೆರಡು ವರ್ಷ ತಡವಾಗಿ, ಹಿಂದೆಮುಂದಾಗಿ ಬರುವುದು ಸಾಮಾನ್ಯ. ಕೆಲವು ಶಾಶ್ವತ ಹಲ್ಲುಗಳು ಹುಟ್ಟದೇ ಇರಲೂಬಹುದು. ಇಡೀ ಬಾಯಿಯ ಎಕ್ಸ್‌ರೇ ತೆಗೆಸಿದರೆ ತಿಳಿಯುತ್ತದೆ. ಅಡಿಯಲ್ಲಿ ಶಾಶ್ವತ ಹಲ್ಲು ಇದೆಯೆಂದು ಎಕ್ಸ್‌ರೇಯಲ್ಲಿ ಕಾಣುವವರೆಗೆ, ಗಟ್ಟಿಯಾಗಿರುವ ಹಾಲುಹಲ್ಲು ಕೀಳಲು ಒಪ್ಪಬೇಡಿ. ಈ ಮಕ್ಕಳಿಗೆ ಹುಳುಕಿಗಿಂತ ಒಸಡಿನ ಕಾಯಿಲೆಯ ಕಾಟ ಹೆಚ್ಚು, ಅದೂ ಚಿಕ್ಕ ವಯಸ್ಸಿಗೇ. ಮೂರು ತಿಂಗಳಿಗೊಮ್ಮೆ ತೋರಿಸಿ.

ಹೃದಯದ ವಿಷಯದಲ್ಲಿ, ಹೃದ್ರೋಗ ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಹೋಗಿ: ರಂಧ್ರ ಪೂರ್ತಿ ಮುಚ್ಚಿದೆಯೇ, ಕೃತಕ ಕವಾಟವಿದೆಯೇ, ಹಲ್ಲಿನ ಚಿಕಿತ್ಸೆಗೆ ಮುನ್ನ ಆಂಟಿಬಯೋಟಿಕ್ ಬೇಕೇ. ದೋಷ ಪೂರ್ತಿ ಸರಿಹೋಗಿ ಆರು ತಿಂಗಳು ದಾಟಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕೃತಕ ಕವಾಟ, ಹಿಂದೆ ಹೃದಯದ ಒಳಪೊರೆಗೆ ಸೋಂಕಾಗಿದ್ದದ್ದು, ಮೈ ನೀಲಿಗಟ್ಟಿಸುವ, ಇನ್ನೂ ಸರಿಪಡಿಸದ ಹೃದಯದ ದೋಷ – ಇಂಥವಿದ್ದರೆ ಬೇಕು. ಆಗ ಸಾಮಾನ್ಯವಾಗಿ ಕೊಡುವುದು ಅಮಾಕ್ಸಿಸಿಲಿನ್, ಕೆ.ಜಿ. ತೂಕಕ್ಕೆ 50 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಡೋಸ್, ಚಿಕಿತ್ಸೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಮನೆಯಲ್ಲಿ ಉಳಿದ ಸಿರಪ್ ನೀವಾಗಿ ಕೊಡಬೇಡಿ. ಇನ್ನೊಂದು: ಈ ಮಕ್ಕಳಲ್ಲಿ ಕೆಲವರ ಕುತ್ತಿಗೆಯ ಮೇಲಿನ ಮೂಳೆಗಳ ಕೀಲು ಸಡಿಲವಿರುತ್ತದೆ. ಕುರ್ಚಿಯಲ್ಲಿ ತಲೆಯನ್ನು ತೀರ ಹಿಂದಕ್ಕೆ ಬಾಗಿಸದಂತೆ ವೈದ್ಯರಿಗೆ ನೆನಪಿಸಿ.

ಪ್ರ: ವಿಶೇಷ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸರಿಯಾಗಿ ಮಾಡಿದ್ದಕ್ಕೆ ಚಾಕೊಲೇಟಿನ ಚಿಕ್ಕ ಚೂರು ಕೊಡುವುದು ನಮ್ಮಲ್ಲಿ ರೂಢಿ. ಚೂರು ತಾನೇ, ಪರವಾಗಿಲ್ಲವೇ? – ಶಿಕ್ಷಕಿ, ದಾವಣಗೆರೆ

ಉ: ಚೂರು ಮಾಡುವುದೇ ತೊಂದರೆ, ಟೀಚರ್. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಇಪ್ಪತ್ತರಿಂದ ಮೂವತ್ತು ನಿಮಿಷ ಹಲ್ಲಿನ ಮೇಲೆ ಆಮ್ಲ ಇರುತ್ತದೆ. ಇಡೀ ಚಾಕೊಲೇಟ್ ಊಟದ ಜೊತೆ ಒಮ್ಮೆಗೇ ತಿಂದರೆ ಅರ್ಧ ಗಂಟೆಗೆ ಮುಗಿಯಿತು. ಅದನ್ನೇ ಆರು ಚೂರು ಮಾಡಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಹಂಚಿದರೆ ಹಲ್ಲು ಮೂರು ಗಂಟೆ ಆಮ್ಲದಲ್ಲಿ ನೆನೆಯುತ್ತದೆ. ಚಿಪ್ಸ್, ಬಿಸ್ಕತ್ತು ಕೂಡ ಹಲ್ಲಿಗೆ ಮೆತ್ತಿಕೊಳ್ಳುತ್ತವೆ. ಸೋಪಿನ ಗುಳ್ಳೆ ಊದುವುದು, ಎರಡು ನಿಮಿಷ ಉಯ್ಯಾಲೆ, ಬೆನ್ನು ಗಟ್ಟಿಯಾಗಿ ತಟ್ಟುವುದು, ಸ್ಟಿಕರ್ – ಆ ಮಗುವಿಗೆ ಯಾವುದು ಖುಷಿಯೋ ಅದು ಬಹುಮಾನವಾಗಲಿ. ತಿಂಡಿಯೇ ಬೇಕೆನ್ನುವ ಮಗುವಿಗೆ ಚೆನ್ನಾಗಿ ಅಗಿದು ನುಂಗಲು ಬಂದರೆ ಸೌತೆಕಾಯಿ, ಪನೀರ್ ತುಂಡು ಕೊಡಬಹುದು. ಊಟವಾದ ಮೇಲೆ ಕೆನ್ನೆಯೊಳಗೆ ಅನ್ನದ ತುತ್ತು ಉಳಿಸಿಕೊಂಡಿರುವ ಮಕ್ಕಳನ್ನು ಗಮನಿಸಿ, ಬೆರಳಿಗೆ ಒದ್ದೆ ಗಾಜ್ ಸುತ್ತಿ ತೆಗೆಯಿರಿ. ಕಚ್ಚುವ ಮಗುವಾದರೆ ಬೆರಳಿನ ಬದಲು ಬ್ರಷ್ ಬಳಸಿ.

ಪ್ರ: ಸರ್ಕಾರದಿಂದ ಏನು ಸಿಗುತ್ತದೆ? – ಮೂವರು ಓದುಗರು

ಉ: ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 25ನೇ ಕಲಂ, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆಂದು ಹೇಳುತ್ತದೆ. ಅದಕ್ಕೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಜೊತೆಗಿಟ್ಟುಕೊಂಡು, ಸಾಲಿನಲ್ಲಿ ಕಾಯಿಸಬೇಡಿ ಎಂದು ಕೇಳಿ, ಅದು ನಿಮ್ಮ ಹಕ್ಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಚಿಕಿತ್ಸೆಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಥವಾ ನಿಮಗೆ ಹತ್ತಿರದ ಯಾವುದೇ ದಂತ ಕಾಲೇಜಿನಲ್ಲಿ ಮಕ್ಕಳ ದಂತ ವಿಭಾಗ ಎಂದು ಕೇಳಿಕೊಂಡು ಹೋಗಿ.

ಪ್ರ: ಐದು ವರ್ಷದ ಮಗಳಿಗೆ ಆಟಿಸಂ. ಎಂಟು ಹಲ್ಲು ಹುಳುಕಾಗಿವೆ. ಒಬ್ಬ ಡಾಕ್ಟರು ಪೂರ್ತಿ ಅರಿವಳಿಕೆ ಕೊಟ್ಟು ಮಾಡೋಣ ಎನ್ನುತ್ತಾರೆ, ಇನ್ನೊಬ್ಬರು ಕಪ್ಪು ಔಷಧ ಹಚ್ಚೋಣ ಎನ್ನುತ್ತಾರೆ. ಯಾವುದು ಸರಿ? – ತಾಯಿ, ಕಲಬುರಗಿ

ಉ: ಎರಡೂ ಸರಿ ಇರಬಹುದು, ಬೇರೆ ಬೇರೆ ಹಲ್ಲಿಗೆ. ಕಪ್ಪು ಔಷಧ ಎಂದರೆ 38 ಶೇಕಡಾ ಸಿಲ್ವರ್ ಡೈಅಮೈನ್ ಫ್ಲೋರೈಡ್. ಕೊರೆಯುವುದಿಲ್ಲ, ಸೂಜಿ ಇಲ್ಲ. ತುಟಿಗೆ ವ್ಯಾಸಲೀನ್ ಹಚ್ಚಿ, ಹತ್ತಿಯಿಂದ ಹಲ್ಲು ಒಣಗಿಸಿ, ಪುಟ್ಟ ಬ್ರಷ್ಷಿನಲ್ಲಿ ಹುಳುಕಿನ ಮೇಲೆ ಹಚ್ಚಿ ಒಂದು ನಿಮಿಷ ಬಿಡುತ್ತಾರೆ. ಹುಳುಕು ಅಲ್ಲಿಗೇ ಗಟ್ಟಿಯಾಗಿ ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ, ಮೊದಲೇ ತಿಳಿದಿರಲಿ. ಚರ್ಮಕ್ಕೆ ತಾಗಿದ ಕಲೆ ಕೆಲ ದಿನಗಳಲ್ಲಿ ಹೋಗುತ್ತದೆ. ಬೆಳ್ಳಿಯ ಅಲರ್ಜಿ ಇರುವವರಿಗೆ ಆಗದು. ಹುಳುಕು ನರಕ್ಕೆ ತಲುಪಿ ರಾತ್ರಿ ನೋಯುವ ಹಲ್ಲಿಗೆ, ಒಸಡಿನಲ್ಲಿ ಕೀವಿನ ಗುಳ್ಳೆ ಎದ್ದ ಹಲ್ಲಿಗೆ ಇದರಿಂದ ಪ್ರಯೋಜನವಿಲ್ಲ.

ಅಂಥ ಹಲ್ಲುಗಳು ನಾಲ್ಕಾರು ಇದ್ದರೆ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರ ಸಮ್ಮುಖದಲ್ಲಿ ಒಂದೇ ಸಲಕ್ಕೆ ಎಲ್ಲ ಮುಗಿಸುವುದು ಲೇಸು. ಕೈಕಾಲು ಹಿಡಿದು ಎಂಟು ಸಲ ಕುರ್ಚಿಯಲ್ಲಿ ಕೂರಿಸಿದರೆ ಮಗು ಆಸ್ಪತ್ರೆಯ ವಾಸನೆಗೇ ಹೆದರುವಂತಾಗುತ್ತದೆ, ಅದು ವರ್ಷಗಟ್ಟಲೆ ಹೋಗುವುದಿಲ್ಲ. ಅರಿವಳಿಕೆಗೆ ಆರು ಗಂಟೆ ಮುಂಚಿನಿಂದ ಊಟ, ಹಸುವಿನ ಹಾಲು ಬೇಡ, ಎರಡು ಗಂಟೆ ಮುಂಚಿನಿಂದ ನೀರೂ ಬೇಡ. ಮನೆಯಲ್ಲಿ ಯಾರೋ ಕರುಣೆಯಿಂದ ಕೊಟ್ಟ ಒಂದು ಬಿಸ್ಕತ್ತು ಇಡೀ ದಿನದ ಕೆಲಸವನ್ನು ಮುಂದಕ್ಕೆ ಹಾಕಿಸುತ್ತದೆ. ನೆಗಡಿ, ಕೆಮ್ಮು, ಜ್ವರ ಇದ್ದರೆ ಮೊದಲೇ ಫೋನ್ ಮಾಡಿ. ದೊಡ್ಡ ಹುಳುಕಿನ ದವಡೆಹಲ್ಲಿಗೆ ಸಿಮೆಂಟ್ ತುಂಬಿಸುವುದಕ್ಕಿಂತ ಸ್ಟೀಲ್ ಕ್ಯಾಪ್ ಹಾಕಿಸಿ. ಕ್ಯಾಪ್ ಕಿತ್ತುಬರುವುದು ಅಪರೂಪ, ಅರಿವಳಿಕೆ ಮತ್ತೆ ಬೇಕಾಗದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಎರಡು ಮೂರು ಗಂಟೆ ಕಣ್ಣಿಟ್ಟಿರಿ, ಮರಗಟ್ಟಿದ ತುಟಿಯನ್ನು ಮಕ್ಕಳು ಕಚ್ಚಿ ರಕ್ತ ಮಾಡಿಕೊಳ್ಳುತ್ತಾರೆ. ರಾತ್ರಿ ಬಾಟಲಿಯಲ್ಲಿ ಬೆಲ್ಲ ಹಾಕಿದ ರಾಗಿ ಮಾಲ್ಟ್ ಅಥವಾ ಸಕ್ಕರೆ ಹಾಲು ಕುಡಿಯುತ್ತಲೇ ಮಲಗುವ ಅಭ್ಯಾಸವಿದ್ದರೆ ಅದನ್ನು ಬಿಡಿಸಿ. ಬಿಡಿಸದಿದ್ದರೆ ಉಳಿದ ಹಲ್ಲುಗಳಿಗೂ ಹುಳುಕು ಹತ್ತುತ್ತದೆ.

ಯಾವ ದಾರಿ ಹಿಡಿದರೂ ಮೊದಲ ಭೇಟಿಯಲ್ಲಿ ಚಿಕಿತ್ಸೆ ಬೇಡವೆಂದು ಮೊದಲೇ ಹೇಳಿ. ಬೆಳಗಿನ ಮೊದಲ ಸರದಿ ಕೇಳಿ, ಕಾಯುವ ಗದ್ದಲ ಇರುವುದಿಲ್ಲ. ಅವತ್ತು ಕುರ್ಚಿ ಹತ್ತಿ ಇಳಿದು, ಕನ್ನಡಿ ಮುಟ್ಟಿ ಬಂದರೆ ಸಾಕು. ದೀಪದ ಬೆಳಕು ಆಗದ ಮಗುವಿಗೆ ಕಪ್ಪು ಕನ್ನಡಕ, ಸದ್ದು ಆಗದವರಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಒಯ್ಯಿರಿ.

ಪ್ರ: ಮಗನಿಗೆ ಮಾತು ಬರುವುದಿಲ್ಲ. ಹಲ್ಲುನೋವು ಎಂದು ಗುರುತಿಸುವುದು ಹೇಗೆ? – ತಾಯಿ, ಮಂಡ್ಯ

ಉ: ಮೊದಲು ಊಟ ಬದಲಾಗುತ್ತದೆ. ರೊಟ್ಟಿ, ಚಪಾತಿ ತಿನ್ನುತ್ತಿದ್ದವನು ಮೊಸರನ್ನಕ್ಕೆ ಇಳಿಯುತ್ತಾನೆ, ಒಂದೇ ಕಡೆ ಅಗಿಯುತ್ತಾನೆ, ತಣ್ಣೀರು ದೂರ ತಳ್ಳುತ್ತಾನೆ. ಮಧ್ಯರಾತ್ರಿ ಎದ್ದು ಅಳುವುದು, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವುದು, ಮುಷ್ಟಿ ಬಾಯಿಗೆ ತುರುಕುವುದು, ಜೊಲ್ಲು ಇದ್ದಕ್ಕಿದ್ದಂತೆ ಹೆಚ್ಚುವುದು – ಇವನ್ನು ನಡವಳಿಕೆಯ ಸಮಸ್ಯೆ ಎಂದು ಬರೆದುಕೊಳ್ಳುವ ಮೊದಲು ಬಾಯಿ ನೋಡಿ. ವಾರಕ್ಕೊಮ್ಮೆ ಅವನು ತೊಡೆಯ ಮೇಲೆ ಮಲಗಿರುವಾಗ ಮೊಬೈಲ್ ಟಾರ್ಚ್ ಹಾಕಿ ಮೇಲ್ತುಟಿ ಎತ್ತಿ. ಒಸಡಿನ ಅಂಚಿನುದ್ದಕ್ಕೂ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ದಂತವೈದ್ಯರು ಫ್ಲೋರೈಡ್ ವಾರ್ನಿಷ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಿದರೆ, ಮನೆಯಲ್ಲೂ ಉಜ್ಜುವುದು ಸರಿಹೋದರೆ ತೂತಾಗದೆ ನಿಲ್ಲಿಸಬಹುದು. ವಾರ್ನಿಷ್ ಹಚ್ಚುವುದು ಒಂದೆರಡು ನಿಮಿಷದ ಕೆಲಸ, ಮೂರರಿಂದ ಆರು ತಿಂಗಳಿಗೊಮ್ಮೆ.

ನೋವಿದ್ದರೆ ತಾತ್ಕಾಲಿಕವಾಗಿ ಪ್ಯಾರಾಸಿಟಮಾಲ್ ಕೆ.ಜಿ. ತೂಕಕ್ಕೆ 15 ಮಿಲಿಗ್ರಾಂನಂತೆ ಕೊಡಬಹುದು, ಒಂದು ಡೋಸಿಗೂ ಇನ್ನೊಂದಕ್ಕೂ ಆರು ಗಂಟೆ ಅಂತರ ಇರಲಿ. ಲವಂಗದ ಎಣ್ಣೆ ಒಸಡು ಸುಡುತ್ತದೆ, ಅದು ಬೇಡ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಕೆನ್ನೆ ಊದಿಕೊಂಡು ಜ್ವರ ಬಂದರೆ, ಊತ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹರಡಿದರೆ, ನುಂಗಲು ಅಥವಾ ಬಾಯಿ ತೆರೆಯಲು ಆಗದಿದ್ದರೆ ಬೆಳಗಾಗುವವರೆಗೆ ಕಾಯದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಿರಿ.